ಮರಳಿ ಬಂದ ಸಕ್ಕರೆ

ಬಸುರಿ ಬೇಡಿದ್ದನ್ನೆಲ್ಲ ಉಣಿಸಬೇಕೆನ್ನುವುದು ಕಮಲಾಪುರದ ಸಕ್ಕೂಬಾಯಿಯವರ ಮನೆತನದ ಪದ್ಧತಿ. ಸೊಸೆ ಶೇವಂತಾ ಮೊದಲ ಸಲ ಬಸುರಾದಾಗ ಓಣಿಯ ಹೆಂಗಸರೆಲ್ಲ ಹೋಳಿಗೆ, ಕರಿಗಡಬು ತಂದು ಉಣಿಸಿದರು. ಅವಳಿಗೆ ದಿನವಿಡೀ ನೀರಡಿಕೆ. "ಕೂಸು ಕೇಳಾಕತ್ತದ" ಎಂದು ಅತ್ತೆ ಬೆಲ್ಲದ ಪಾನಕ ಕುಡಿಸಿದರು. ಆ ಮನೆಯಲ್ಲಿ ಪ್ರೀತಿಗೇನೂ ಕೊರತೆಯಿರಲಿಲ್ಲ.

ಎಂಟು ತಿಂಗಳು ತುಂಬಿದ ಮೇಲೆ ಕೂಸು ಮಿಸುಕಾಡುವುದು ನಿಂತಿತು. ಕಲಬುರಗಿಯ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅದು ತೀರಿಹೋಗಿತ್ತು. ಅಳತೆ ಮೀರಿ ಬೆಳೆದಿದ್ದ ಹೆಣ್ಣುಕೂಸು.

ಡಾಕ್ಟರ್ ಹಲೀಮಾ ಶೇವಂತಾಳ ಮಂಚದ ಪಕ್ಕದಲ್ಲೇ ಅವಳ ಗಂಡ ಪ್ರಹ್ಲಾದನನ್ನು ಕೂರಿಸಿಕೊಂಡು ಹೇಳಿದರು: "ಬಸುರಿನ್ಯಾಗ ರಕ್ತದಾಗಿನ ಸಕ್ಕರಿ ಏರಿತ್ತು, ಅದಕ್ಕ ಕೂಸು ಉಳೀಲಿಲ್ಲ. ಈಗ ಇಳೀತದ. ಆದ್ರ ಮುಂದಿನ ಬಸುರಿನ್ಯಾಗ ಮತ್ತ ಬರೋ ಸಾಧ್ಯತಿ ಭಾಳ ಅದ. ಬಸುರು ಅಂತ ತಿಳಿದ ಕೂಡ್ಲೇ ಕರ್ಕೊಂಡು ಬರ್ರಿ."

ಸಕ್ಕರೆ ಇಳಿಯಿತು. ಮನೆಯವರು ಡಾಕ್ಟರರ ಉಳಿದ ಮಾತನ್ನು ಮರೆತರು; ಶೇವಂತಾ ಮರೆಯಲಿಲ್ಲ.

ಎರಡು ವರ್ಷದ ಮೇಲೆ ಶೇವಂತಾ ಮತ್ತೆ ಬಸುರಾದಳು. ಅವಳು ಆಸ್ಪತ್ರೆಯ ಮಾತೆತ್ತಿದಾಗ ಸಕ್ಕೂಬಾಯಿ ಸಿಡುಕಿದರು. "ಹೋದ ಬ್ಯಾನಿ ಮತ್ಯಾಕ ಬರ್ತದ? ಆಗ ಯಾರದೋ ದೃಷ್ಟಿ ತಾಗಿತ್ತು."

ಶೇವಂತಾ ಗಂಡನನ್ನು ಹೊರಡಿಸಿಕೊಂಡು ಬಸ್ಸು ಹತ್ತಿದಳು. ಕಲಬುರಗಿಯಲ್ಲಿ ತಪಾಸಣೆ ಮಾಡಿದರೆ ಸಕ್ಕರೆ ಮರಳಿತ್ತು. ಅಂದಿನಿಂದ ಊಟ ಹಿತಮಿತವಾಯಿತು, ಇನ್ಸುಲಿನ್ ಸೂಜಿ ಶುರುವಾಯಿತು. ಅತ್ತೆ ಮಾತು ಬಿಟ್ಟರು.

ಮೊದಲ ಕೂಸು ಉಳಿಯದ ಕಾರಣ ಏಳನೇ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮತ್ತೆ ಮಾಡಿದರು. ಉಡಿ ತುಂಬಿ, ತುಪ್ಪ ಸುರಿದ ಹೋಳಿಗೆ ಮುರಿದು ಸಕ್ಕೂಬಾಯಿ ಬಾಯಿಗೆ ತಂದರು. ಅವರ ಬೆನ್ನ ಹಿಂದೆ ಓಣಿಯ ಹೆಂಗಸರು ತಂತಮ್ಮ ತಾಟು ಹಿಡಿದು ಕಾದು ನಿಂತಿದ್ದರು.

"ತಿನ್ನವಾ. ಬಯಕಿ ತೀರ್ಲಿಲ್ಲಂದ್ರ ಕೂಸಿನ ಕಿವಿ ಸೋರ್ತದ" ಎಂದರು ಪಕ್ಕದ ಮನೆಯ ಮುಕ್ತಾಬಾಯಿ.

ಶೇವಂತಾ ಅತ್ತೆಯ ಕೈ ಹಿಡಿದಳು. "ಅತ್ತಿ, ಆಗ ಯಾರಿಗೂ ಗೊತ್ತಿರ್ಲಿಲ್ಲ. ನಿಮ್ಮ ತಪ್ಪಲ್ಲ. ಈಗ ಗೊತ್ತಾಗ್ಯದ. ಗೊತ್ತಿದ್ದೂ ತಿಂದ್ರ ತಪ್ಪು ನಂದು. ಹಾಡ್ರಿ, ಹರಸ್ರಿ. ಬಾಯಾಗ ಮಾತ್ರ ಏನೂ ಹಾಕಬ್ಯಾಡ್ರಿ."

"ಸೊಸಿ ಮಾತು ಕೇಳೋ ಕಾಲ ಬಂತು" ಎನ್ನುತ್ತ ಮುಕ್ತಾಬಾಯಿ ಎದ್ದು ಹೋದರು. ಸಕ್ಕೂಬಾಯಿ ಹೋಳಿಗೆ ಹಿಡಿದ ಕೈಯನ್ನು ಕೆಳಗಿಳಿಸಿದರು.

"ಆ ಕೂಸಿನ ಗಲ್ಲ ಎಷ್ಟು ತುಂಬಿದ್ವು..." ಎಂದವರೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು. ಆಮೇಲೆ ಹೋಳಿಗೆಯನ್ನು ತಾಟಿಗೆ ಹಾಕಿ ಕೇಳಿದರು: "ಹಂಗಾರ ನೀ ಏನುಣ್ತಿ ಹೇಳು. ಅದನ್ನೇ ಮಾಡ್ತೀನಿ."

ಅರ್ಧ ರೊಟ್ಟಿ, ಹೆಸರುಕಾಳಿನ ಪಲ್ಯ. ಕುಬಸದ ಸೀರೆಯುಟ್ಟ ಶೇವಂತಾ ಅದನ್ನೇ ಉಂಡಳು.

ದಿನ ತುಂಬಿ ಕಲಬುರಗಿಯಲ್ಲಿ ಗಂಡುಕೂಸು ಹುಟ್ಟಿತು, ಜೋರಾಗಿ ಅತ್ತಿತು. ನೋಡಲು ಬಂದವರು, "ಸಕ್ಕರಿ ಹೋಯ್ತಲ್ಲ, ಇನ್ನೇನು ಚಿಂತಿ?" ಎಂದರು.

ಸಕ್ಕೂಬಾಯಿ ಮೊಮ್ಮಗನನ್ನು ತೊಡೆಯ ಮೇಲೆ ಸರಿಮಾಡಿಕೊಂಡರು. "ಹೋಗ್ಯದ, ಖರೆ. ಆದ್ರ ಮುಂದಿನ ಬಸುರಿಗೂ ಬರಬಹುದಂತ ಡಾಕ್ಟರ್‌ಬಾಯಿ ಹೇಳ್ಯಾರ. ಆಗ ಆಕಿನ್ನ ನಾನೇ ಬಸ್ ಹತ್ತಸ್ತೀನಿ."