ಸಂಬಂಧ: ಗಿರಾಕಿ

ನಮ್ಮ ಟೈಲರ್ ಮಾಸ್ತರರಿಗೆ ಮುಖಗಳು ನೆನಪಿರುವುದಿಲ್ಲ, ಬೆನ್ನುಗಳು ನೆನಪಿರುತ್ತವೆ. ಎದುರು ನಿಂತು ನಕ್ಕವರನ್ನು ಯಾರೋ ಎಂಬಂತೆ ನೋಡುವ ಈ ಮಹಾಶಯರು, ಅವರು ಬೇಸರದಿಂದ ತಿರುಗಿದೊಡನೆ ಹೆಸರು ಹಿಡಿದು ಕರೆಯುತ್ತಾರೆ. ಕೊರಳಲ್ಲಿ ಸದಾ ಅಳತೆಯ ಟೇಪು. ಯಾರದೋ ಬೆನ್ನ ಹಿಂದಕ್ಕೆ ಸರಿಯುತ್ತಿರುವಂಥ ಓರೆ ನಡಿಗೆ. ನನ್ನ ಎಡಭುಜ ಬಲಕ್ಕಿಂತ ಅರ್ಧ ಇಂಚು ತಗ್ಗೆಂಬ ಗುಟ್ಟನ್ನು ಇಪ್ಪತ್ತು ವರ್ಷ ಕೋಟಿನೊಳಗೆ ಹತ್ತಿಯಿಟ್ಟು ಮುಚ್ಚಿದ ಪುಣ್ಯಾತ್ಮರು, ಅದನ್ನು ನನಗೂ ಹೇಳಿರಲಿಲ್ಲ. ರೆಡಿಮೇಡ್ ಕೋಟಿನ ಆಸೆಗೆ ಬಿದ್ದ ದಿನ ಕನ್ನಡಿಯೇ ಹೇಳಿತು.

ಒಂದು ಮಧ್ಯಾಹ್ನ ಅವರು ತಮ್ಮದೇ ಅಂಗಿಯನ್ನು ಮೇಜಿನ ಮೇಲೆ ಹರಡಿ ಕೂತಿದ್ದರು. ಹಿಂಭಾಗದಲ್ಲಿ ಸಾಸಿವೆಯಷ್ಟು ರಕ್ತದ ಕಲೆ. ಕಾಲರಿನಿಂದ ಆರು ಇಂಚು ಕೆಳಗೆ ಎಂದು ಅಳೆದು ಹೇಳಿದರು; ಅಲ್ಲಿ ಏನಿದೆಯೆಂಬುದು ಮಾತ್ರ ತಿಳಿಯದು. ತನ್ನ ಬೆನ್ನು ತನಗೆ ಕಾಣದೆಂಬ ಗಾದೆಯನ್ನು ನಾನು ಬರಿಯ ನೀತಿವಾಕ್ಯವೆಂದುಕೊಂಡಿದ್ದೆ. ಅಂಗಿ ಸರಿಸಿ ನೋಡಿದರೆ ಕಪ್ಪು ಮಚ್ಚೆ, ಅಂಚೆಲ್ಲ ಅಂಕುಡೊಂಕು. ಮರುದಿನವೇ ಚರ್ಮದ ಡಾಕ್ಟರಲ್ಲಿಗೆ ಹೊರಡಿಸಿಕೊಂಡು ಹೋದೆ.

ಡಾಕ್ಟರಮ್ಮ ಭೂತಗನ್ನಡಿ ಹಿಡಿದು ನೋಡಿದರು. ಇದು ಮೊದಲಿನಿಂದಲೂ ಇತ್ತೇ, ಈಚೆಗೆ ಬೆಳೆಯಿತೇ, ಮನೆಯವರೇನು ಹೇಳುತ್ತಾರೆ ಎಂದು ಕೇಳಿದರು. ಮಾಸ್ತರರು ಬಹಳ ಹೊತ್ತು ಯೋಚಿಸಿದರು.

"ಅಮ್ಮ ಸ್ನಾನ ಮಾಡಿಸ್ತಿದ್ದಾಗ ನೋಡಿರಬೇಕು. ಆಮೇಲೆ ಯಾರೂ ನೋಡಿಲ್ಲ."

ಅರವತ್ತು ದಾಟಿದ ಮನುಷ್ಯ, ತೋಳಿನ ಅಳತೆ ಹೇಳುವಷ್ಟೇ ಸಾದಾ ಧ್ವನಿಯಲ್ಲಿ ಹೇಳಿದ ಮಾತು. ಕ್ಯಾನ್ಸರ್ ಇರಬಹುದು, ಮಚ್ಚೆಯನ್ನು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು ಎಂದರು ಡಾಕ್ಟರಮ್ಮ. ಫಾರಂನಲ್ಲಿ, ಜೊತೆಗೆ ಬಂದವರ ಹೆಸರಿನೆದುರು ಮಾಸ್ತರರು ನನ್ನ ಹೆಸರು ಬರೆದರು. 'ಸಂಬಂಧ' ಎಂಬಲ್ಲಿ ಪೆನ್ನು ತಡವರಿಸಿತು. ಕೊನೆಗೆ ದುಂಡಗೆ 'ಗಿರಾಕಿ' ಎಂದು ಬರೆದರು. ನರ್ಸು ನಕ್ಕಳು. ನನಗೆ ನಗು ಬರಲಿಲ್ಲ, ತಿದ್ದಿಸುವ ಧೈರ್ಯವೂ ಬರಲಿಲ್ಲ.

ವರದಿ ಬಂತು: ಕ್ಯಾನ್ಸರೇ, ಆದರೆ ತೀರ ಆರಂಭದ್ದು. ಸುತ್ತಲಿನ ಚರ್ಮವನ್ನೂ ಇನ್ನಷ್ಟು ತೆಗೆದು ಹೊಲಿಗೆ ಹಾಕಿದರು. ತಿಂಗಳಿಗೊಮ್ಮೆ ಮನೆಯಲ್ಲಿ ಯಾರಾದರೂ ಬೆನ್ನು ನೋಡುತ್ತಿರಲಿ ಎಂದು ಡಾಕ್ಟರಮ್ಮ ಹೇಳಿದ್ದಕ್ಕೆ ಮಾಸ್ತರರು ವಿಧೇಯರಾಗಿ ತಲೆಯಾಡಿಸಿದರು.

ತಿಂಗಳು ಕಳೆದು ಅಂಗಡಿಗೆ ಹೋದೆ.

"ಏನು ಹೊಲಿಸ್ಬೇಕು?"

ಏನೂ ಇಲ್ಲವೆಂದೆ. ಕೊರಳಿನ ಟೇಪು ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಅಂಗಿಯ ಗುಂಡಿ ಬಿಚ್ಚಿ, ಬೆನ್ನು ತಿರುಗಿಸಿ ಕುಳಿತರು.

ಹತ್ತಾರು ಮಂದಿಗೆ ಬೇಕಾದವರು ಹೀಗೆ ಯಾರಿಗೂ ಸೇರದೆ ಬಾಳಿಬಿಡುತ್ತಾರೆ. ಬಾಯಿಬಿಟ್ಟು ಕೇಳುವ ಜಾತಿಯವರಲ್ಲ ಅವರು. ಕೇಳಲೇಬೇಕಾದಾಗಲೂ ಬೆನ್ನು ತಿರುಗಿಸುವುದಷ್ಟೇ ಅವರಿಗೆ ಗೊತ್ತು. ಅದನ್ನು ಬಿಗುಮಾನವೆಂದು ತಿಳಿದು ನಾವು ಎದ್ದು ಹೋಗಿರುತ್ತೇವೆ.