ಬಣ್ಣದಡಿಯ ಕೆಂಪು ಅಕ್ಷರ

ನಾನು ಒಂದು ಕ್ಷಿಪಣಿ ದೋಣಿ. ಹಡಗು ಎನ್ನಲು ಚಿಕ್ಕವಳು, ದೋಣಿ ಎಂದರೆ ಸಿಟ್ಟು ಬರುತ್ತದೆ. ಹಿಮ ಬೀಳುವ ದೇಶವೊಂದರ ನದಿ ದಂಡೆಯಲ್ಲಿ ನನ್ನನ್ನೂ ನನ್ನ ಏಳು ಅಕ್ಕತಂಗಿಯರನ್ನೂ ಒಂದೇ ಅಚ್ಚಿನಲ್ಲಿ ಕಟ್ಟಿದರು. ನುಗ್ಗು, ಹೊಡೆ, ತಿರುಗಿ ಓಡು. ನಮಗೆ ಕಲಿಸಿದ್ದು ಅಷ್ಟೇ.

ಆಮೇಲೆ ಕೈ ಬದಲಾಗಿ ಈ ಕಡೆಯ ಬೆಚ್ಚಗಿನ ಕಡಲಿಗೆ ಬಂದೆ. ಇಲ್ಲಿ ನನ್ನ ಇಂಜಿನ್ನಿನ ಯಜಮಾನ ಅಂಕೋಲೆಯ ಮಾರುತಿ ತಾಂಡೇಲ. ಹತ್ತೊಂಬತ್ತು ವರ್ಷ ನನ್ನ ಹೊಟ್ಟೆಯೊಳಗೇ ಬೆವರು ಸುರಿಸಿದ. ಒಮ್ಮೆ ರಿಪೇರಿಯವರು ಕಡಲ ನೀರು ಒಳಗೆ ಬರುವ ವಾಲ್ವನ್ನು ಉಲ್ಟಾ ಜೋಡಿಸಿ ಹೋದರು. ಅದು ಸದಾ ತೆರೆದೇ ಇರುವಂಥದ್ದು, ಪೈಪು ಒಡೆದರೆ ಮಾತ್ರ ಮುಚ್ಚಬೇಕು. ಮುಂದಿನ ರಿಪೇರಿಗೆ ನೋಡೋಣ ಎಂದರು ಸಾಹೇಬರು. ಆ ಮುಂದಿನದು ಬರಲೇ ಇಲ್ಲ. ತಾಂಡೇಲ ವಾಲ್ವಿನ ಪಕ್ಕದಲ್ಲಿ ಕೆಂಪು ಬಣ್ಣದಲ್ಲಿ ಬರೆದ: ‘ಎಡಕ್ಕೆ ತಿರುಗಿಸಿದರೆ ಮುಚ್ಚುತ್ತದೆ.’

ಕೊನೆಗೆ ನನ್ನನ್ನು ಪುಟ್ಟ ದ್ವೀಪ ದೇಶವೊಂದಕ್ಕೆ ಕೊಡುವುದೆಂದಾಯಿತು. ಹೆಣ್ಣು ನೋಡಲು ಬರುವವರಿದ್ದಾರೆ ಎನ್ನುವ ಹಾಗೆ ಮೈತುಂಬ ಬೂದು ಬಣ್ಣ ಬಳಿದರು.

“ತಾಂಡೇಲರೇ, ಇದನ್ನೂ ಬಳೀಬೇಕಾ?” ಎಂದು ಸಹಾಯಕ ಬೀರಪ್ಪ ಕೆಂಪಕ್ಷರ ತೋರಿಸಿದ.

“ಬಳಿ ಮಾರಾಯಾ, ಇಲ್ದಿದ್ರೆ ಸಾಹೇಬ್ರು ಬೈತ್ರು. ಬರೋನಿಗೆ ನಾನೇ ಹೇಳ್ತೆ.”

ಹೇಳಿದ ಕೂಡ. ಬಣ್ಣ ಹಸಿಯಿದ್ದುದರಿಂದ ಯಾರನ್ನೂ ಕೆಳಗೆ ಇಂಜಿನ್ ಕೋಣೆಗೆ ಬಿಡಲಿಲ್ಲ. ಬಂದರಿನ ಧಕ್ಕೆಯ ಮೇಲೆ, ಬಾವುಟ ಇಳಿಯುವ ಗಡಿಬಿಡಿಯಲ್ಲಿ, ತಾಂಡೇಲ ಆ ದ್ವೀಪದಿಂದ ಬಂದ ಹೊಸ ಇಂಜಿನ್ ಯಜಮಾನ ಮೂಸಾನ ಎದುರು ನಿಂತು, ವಾಲ್ವಿನ ಚಿತ್ರ ತೋರಿಸಿ, ಗಾಳಿಯಲ್ಲಿ ಕೈಯನ್ನು ಎಡಕ್ಕೆ ತಿರುಗಿಸಿದ. ಇಬ್ಬರಿಗೂ ಬರುವ ಭಾಷೆ ಒಂದೂ ಇರಲಿಲ್ಲ. ಎದುರಿಗಿದ್ದ ಮೂಸಾನಿಗೆ ಅದು ಬಲಕ್ಕೆ ತಿರುಗಿದಂತೆ ಕಂಡಿತು. ಎಲ್ಲ ವಾಲ್ವೂ ಬಲಕ್ಕೇ ಮುಚ್ಚುವುದಲ್ಲವೇ, ಇದನ್ನೂ ಹೇಳಬೇಕೇ ಎಂದು ನಕ್ಕು ತಲೆಯಾಡಿಸಿದ.

ಎಂಟು ತಿಂಗಳ ಬಳಿಕ, ಒಂದು ಮಧ್ಯಾಹ್ನ, ನಡುಗಡಲಲ್ಲಿ ಪೈಪು ಒಡೆಯಿತು. ನೀರು ಮೂಸಾನ ಸೊಂಟಕ್ಕೆ ಬಂತು. ವಾಲ್ವನ್ನು ಬಲಕ್ಕೆ ತಿರುಗಿಸಿದ, ಅಲುಗಲಿಲ್ಲ. ಬಿಗಿದುಕೊಂಡಿದೆ ಎಂದು ಅದರ ಚಕ್ರಕ್ಕೆ ಉದ್ದನೆಯ ಕಬ್ಬಿಣದ ಪಾನಾ ಹಾಕಿ ಜೋತುಬಿದ್ದ. ಎಡಕ್ಕೋ ಮಗನೇ, ಎಡಕ್ಕೆ ಎಂದು ನಾನು ಎಷ್ಟು ಒದರಿದರೇನು, ಕಬ್ಬಿಣದ ಕೂಗು ಯಾರಿಗೆ ಕೇಳುತ್ತದೆ! ಪಾನಾ ಜಾರಿ ಬೂದು ಬಣ್ಣ ಕೆರೆಯಿತು. ಕೆಂಪಕ್ಷರ ಕಂಡವು. ಮೂಸಾ ಅವುಗಳನ್ನೇ ದಿಟ್ಟಿಸಿದ. ಅವನಿಗೆ ಕನ್ನಡ ಬರುತ್ತಿರಲಿಲ್ಲ. ನೀರು ಎದೆಗೇರಿತು. ಮೇಲಿನವರು ಉಳಿಯಲೆಂದು ಒಳಗಿನಿಂದಲೇ ಬಾಗಿಲು ಬಿಗಿದುಕೊಂಡ. ಕಪ್ತಾನ ಇನ್ನೊಂದು ಕೋಣೆಯ ಇಂಜಿನ್ನಿನ ಬಲದಿಂದ ನನ್ನನ್ನು ಮರಳುದಿಬ್ಬಕ್ಕೆ ಹತ್ತಿಸಿದ. ಹನ್ನೊಂದು ಜನ ಇಳಿದರು. ಮೂಸಾ ಇಳಿಯಲಿಲ್ಲ.

ನೀರಿಳಿದ ಮೇಲೆ ತನಿಖೆಯವರು ಆ ಅಕ್ಷರ ಓದಿಸಲು ತಾಂಡೇಲನನ್ನೇ ಕರೆಸಿದರು. ಅವನು ಓದಿದ. ಹಿಂದಿಯಲ್ಲಿ ಅರ್ಥವನ್ನೂ ಹೇಳಿದ. ಆಮೇಲೆ ಚಕ್ರವನ್ನು ಎಡಕ್ಕೆ ತಿರುಗಿಸಿದ. ತುಕ್ಕು ಹಿಡಿದಿದ್ದರೂ ಮುಚ್ಚಿತು. ಕೆಸರಲ್ಲೇ ಕುಸಿದು ಕೂತು, ನನ್ನ ತಗಡಿಗೆ ಹಣೆ ಹಚ್ಚಿದ.

“ಎದುರಿಗೆ ನಿಂತು ತೋರಿಸ್ದೆ. ಅಯ್ಯೋ, ಪಕ್ಕದಲ್ಲಿ ನಿಲ್ಬೇಕಿತ್ತು ನಾನು.”

ನನ್ನನ್ನು ಗುಜರಿಗೆಂದು ಒಡೆಯುವವರು ಇನ್ನೂ ಬಂದಿಲ್ಲ. ವಾಲ್ವ್ ಮುಚ್ಚಿಯೇ ಇದೆ. ಹನಿ ನೀರೂ ಒಳಗೆ ಬರುವುದಿಲ್ಲ.