ಒಂದನೇ ನಂಬರಿನ ಸೀಟು

ಮೂರನೇ ಮಹಡಿಯಿಂದ ಇಳಿಸುತ್ತಿದ್ದ ಶವಪೆಟ್ಟಿಗೆ ಎರಡನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಿತು. ಹೊತ್ತಿದ್ದ ಆರು ಗಂಡಸರಲ್ಲಿ ಮೂವರು ಎಡಕ್ಕೆ ಎಂದರು, ಮೂವರು ಬಲಕ್ಕೆ ಎಂದರು. ಒಬ್ಬನ ಮೊಣಕೈ ಪೆಟ್ಟಿಗೆಗೂ ಗೋಡೆಯ ಮೇಲಿನ ಗ್ಯಾಸ್ ಕೊಳವೆಗೂ ನಡುವೆ ಸಿಕ್ಕಿ ಅವನು ಹಲ್ಲು ಕಚ್ಚಿಕೊಂಡು ನಿಂತಿದ್ದ. ಕೆಳಗೆ ಅಂಗಳದಲ್ಲಿ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ ಜನ ಕತ್ತೆತ್ತಿ ಕಾಯುತ್ತಿದ್ದರು.

ಇಂಥ ಹೊತ್ತಿನಲ್ಲಿ ಆ ತಿರುವಿಗೆ ಬಂದು ನಿಂತು ಹೀಗೆ ತಿರುಗಿಸಿ, ಹಾಗೆ ಎತ್ತಿ ಎಂದು ಹೇಳುತ್ತಿದ್ದವಳು ಲಮಾರಾ. ಕುತಾಯಿಸಿ ಊರಿನ ನಮ್ಮ ವಠಾರದಿಂದ ಇಪ್ಪತ್ತು ವರ್ಷಗಳಲ್ಲಿ ಹೊರಟ ಪ್ರತಿ ಹೆಣವೂ ಅವಳ ಮಾತು ಕೇಳಿಯೇ ಇಳಿದಿತ್ತು. ಇವತ್ತು ಪೆಟ್ಟಿಗೆಯಲ್ಲಿ ಮಲಗಿದ್ದವಳು ಅವಳೇ.

ಎದುರುಮನೆಯ ಮೆದೆಯಾ ಕಂಕುಳಲ್ಲಿದ್ದ ಹಸಿರು ರಟ್ಟಿನ ನೋಟುಪುಸ್ತಕ ತೆಗೆದು ಕನ್ನಡಕ ಹುಡುಕಿ ಹಾಕಿಕೊಂಡಳು. ಲಮಾರಾಗಿಂತ ಮೂರು ವರ್ಷ ಚಿಕ್ಕವಳು, ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತಳಾದವಳು. ಸಾಯುವ ನಾಲ್ಕು ದಿನ ಮೊದಲು ಲಮಾರಾ ಆ ಪುಸ್ತಕವನ್ನು ಅವಳ ಕೈಯಲ್ಲಿಟ್ಟಿದ್ದಳು.

"ಎರಡನೇ ತಿರುವು," ಎಂದು ಮೆದೆಯಾ ಗಟ್ಟಿಯಾಗಿ ಓದಿದಳು. "ಕಾಲಿನ ಕಡೆ ಮೊದಲು ಕಟಕಟೆ ಮೇಲಿಂದ ಎತ್ತಿ. ತಲೆ ಕಡೆಯವರು ಒಂದು ಮೆಟ್ಟಿಲು ಹಿಂದೆ ಹತ್ತಿ. ವರ್ಲಾಮ್ ಹೇಳಿದ್ದು ಕೇಳಬೇಡಿ, ಅವನಿಗೆ ಸ್ಟಿಯರಿಂಗ್ ಇಲ್ದಿದ್ರೆ ಎಡ ಬಲ ಗೊತ್ತಾಗಲ್ಲ."

ಹೊತ್ತಿದ್ದವರಲ್ಲಿ ಮುಂದಿನವನೇ ವರ್ಲಾಮ್, ಮಿನಿಬಸ್ಸಿನ ಚಾಲಕ. ಅವನು ಕಾಲಿನ ಕಡೆ ಎತ್ತಿದ. ಪೆಟ್ಟಿಗೆ ತಿರುವು ದಾಟಿತು. ಅಳುತ್ತಿದ್ದ ಹೆಂಗಸರಲ್ಲಿ ಇಬ್ಬರು ಕರವಸ್ತ್ರದೊಳಗೆ ನಕ್ಕರು.

ಮೊದಲನೇ ಮಹಡಿಯ ಬಾಗಿಲಲ್ಲಿ ನಿಂತಿದ್ದ ದೊಡೊ ಅಕ್ಕ ಮಾತ್ರ ನಗಲಿಲ್ಲ. ವಯಸ್ಸು ಎಂಬತ್ತೊಂದು. ವಠಾರಕ್ಕೆ ಹಿರಿಯರು, ಅವರ ಮಾತು ಮೀರಿ ಯಾರ ಮನೆಯಲ್ಲೂ ಮದುವೆಯೂ ಆಗಿಲ್ಲ, ಜಗಳವೂ ಆಗಿಲ್ಲ. ಮೆದೆಯಾ ಹಾದು ಹೋಗುವಾಗ ಅವರು ಅವಳ ತೋಳು ಹಿಡಿದರು.

"ಆ ಪುಸ್ತಕದ ಹಿಂದ್ಗಡೆ ಇರೋದನ್ನ ಇವತ್ತು ಯಾರೂ ಓದಬಾರದು. ತಿಳೀತಾ?"

ಮೆದೆಯಾಗೆ ತಿಳಿಯಿತು. ಆ ಪುಸ್ತಕವನ್ನು ಮುಂದಿನಿಂದ ತೆರೆದರೆ ಸಾವಿನ ಊಟ, ಹಿಂದಿನಿಂದ ತೆರೆದರೆ ಪ್ರವಾಸ. ನಾಳೆ ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಲಮಾರಾ ಸೇರಿ ವಠಾರದ ಹನ್ನೊಂದು ಹೆಂಗಸರು ಹೊರಡಬೇಕೆಂದು ಫೆಬ್ರುವರಿಯಲ್ಲೇ ನಿಗದಿಯಾಗಿತ್ತು. ಏನೇ ಆದರೂ ಹೊರಡುತ್ತೇವೆ ಎಂದು ಮೆದೆಯಾ ಲಮಾರಾಳ ಕೈಮುಟ್ಟಿ ಮಾತು ಕೊಟ್ಟಿದ್ದಳು. ಕೊಡುವಾಗ ಅವಳ ಕಣ್ಣ ಮುಂದೆ ದೊಡೊ ಅಕ್ಕನ ಮುಖ ಬಂದಿರಲಿಲ್ಲ.

*

ಲಮಾರಾ ಶಿಶುವಿಹಾರದಲ್ಲಿ ಅಡುಗೆಯವಳಾಗಿದ್ದಳು. ನೂರಿಪ್ಪತ್ತು ಮಕ್ಕಳಿಗೆ ಗಂಜಿ ಕಾಯಿಸಿ ಕೈ ಪಳಗಿದ್ದರಿಂದ ವಠಾರದಲ್ಲಿ ಯಾರು ಸತ್ತರೂ ಊಟದ ಹೊಣೆ ಅವಳ ಹೆಗಲಿಗೆ ಬೀಳುತ್ತಿತ್ತು. ಮುನ್ನೂರು ಜನಕ್ಕೆ ಎಷ್ಟು ಅಕ್ಕಿ, ಎಷ್ಟು ಮೀನು, ಬೆಂಚುಗಳು ಯಾರ ಮನೆಯಲ್ಲಿವೆ, ಯಾವ ನೆಂಟರನ್ನು ಯಾವ ನೆಂಟರ ಪಕ್ಕ ಕೂರಿಸಬಾರದು, ಎಲ್ಲವೂ ಅವಳಿಗೆ ಬಾಯಿಪಾಠ.

ಅವಳ ಆಸೆ ಮಾತ್ರ ಬೇರೆ. ತಾನು ಹುಟ್ಟಿದ ಜಾರ್ಜಿಯಾ ದೇಶವನ್ನು ಒಂದು ಸಲ ಪೂರ್ತಿ ನೋಡಬೇಕು. ದೊಡ್ಡ ದೇಶವೇನಲ್ಲ. ಬೆಟ್ಟಗಳು ಅಡ್ಡ ಬರದಿದ್ದರೆ ಮೂರು ದಿನದಲ್ಲಿ ಮುಗಿಯುತ್ತದೆ ಎಂದು ವರ್ಲಾಮ್ ಹೇಳುತ್ತಿದ್ದ. ಅವಳು ಹನ್ನೊಂದು ದಿನದ ಪಟ್ಟಿ ಮಾಡಿದಳು. ಜುಗ್ದಿದಿ, ಅಲ್ಲಿಂದ ಮೇಲಕ್ಕೆ ಮೆಸ್ತಿಯಾ, ಇಳಿದು ಬಂದು ಕಡಲ ದಡದ ಬತುಮಿ, ಬೊರ್ಜೊಮಿ, ಗೋರಿ, ರಾಜಧಾನಿ ತ್ಬಿಲಿಸಿ, ಕೊನೆಗೆ ದ್ರಾಕ್ಷಿ ಸೀಮೆಯ ತೆಲಾವಿ. ಮೊದಲ ಪಟ್ಟಿಯಲ್ಲಿ ತೆಲಾವಿಯ ಊಟಕ್ಕೆ ಅರ್ಧ ಗಂಟೆ ಎಂದು ಬರೆದಿದ್ದಳು. ವರ್ಲಾಮ್ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡ.

"ಅರ್ಧ ಗಂಟೆ 'ಬೇಡ, ಸಾಕು' ಅನ್ನೋಕೇ ಸಾಲಲ್ಲ ಕಣೇ. ತೆಲಾವೀಲಿ ನನ್ನ ಷಡ್ಕ ಇದಾನೆ. ಅವನು ಬಾಗ್ಲು ಹಾಕಿ ಕೀಲಿ ಜೇಬಿಗಿಟ್ಕೋತಾನೆ."

ಅವಳು ಅರ್ಧ ಗಂಟೆಯನ್ನು ಹೊಡೆದು ಹಾಕಿ ಒಂದೂವರೆ ದಿನ ಎಂದು ತಿದ್ದಿದಳು. ಪಕ್ಕದಲ್ಲಿ, 'ವಾದ ಮಾಡಬೇಡಿ, ಕೂತುಬಿಡಿ' ಎಂದು ಬರೆದಳು. ಮೆಸ್ತಿಯಾದ ಹೆಸರಿನ ಎದುರು, 'ದೊಡೊ ಅಕ್ಕನ ಮೊಣಕಾಲು: ಅಲ್ಲಿನ ಕಲ್ಲಿನ ಗೋಪುರ ಹತ್ತಿಸಬೇಡಿ, ಕೆಳಗೆ ಬಿಸಿಲಲ್ಲಿ ಕುರ್ಚಿ ಹಾಕಿಕೊಡಿ.'

ಮೊದಲ ಸಲ ಹೊರಟಿದ್ದು ಹದಿನಾರು ವರ್ಷದ ಕೆಳಗೆ, ಮೇ ತಿಂಗಳಲ್ಲಿ. ದೊಡೊ ಅಕ್ಕ ಒಬ್ಬರನ್ನು ಬಿಟ್ಟು ಎಲ್ಲರೂ ಬಸ್ಸಿನಲ್ಲಿ ಕೂತಾಗಿತ್ತು. ಬಸ್ಸು ಹತ್ತಿ ಮಾರುಕಟ್ಟೆಗೆ ಹೋಗುವಷ್ಟರಲ್ಲೇ ಹೊಟ್ಟೆ ತೊಳಸುವ ಜಾತಿ ಲಮಾರಾಳದು. ಅದಕ್ಕೇ ಒಂದನೇ ನಂಬರಿನ ಕಿಟಕಿ ಸೀಟನ್ನು ತನಗೆ ಬರೆದುಕೊಂಡು, ಮೂಸಲು ಒಂದು ನಿಂಬೆಹಣ್ಣು ಹಿಡಿದು, ತೊಡೆಯ ಮೇಲೆ ಬಿಸಿ ಚೀಸು ತುಂಬಿದ ಖಚಾಪುರಿ ರೊಟ್ಟಿಯ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ವರ್ಲಾಮ್ ಕೀಲಿ ತಿರುಗಿಸುವಷ್ಟರಲ್ಲಿ ಮೊದಲನೇ ಮಹಡಿಯ ಕಿಟಕಿಯಿಂದ ದೊಡೊ ಅಕ್ಕನ ಕೂಗು ಕೇಳಿಸಿತು. ಹೆಂಡತಿಯನ್ನು ಬೀಳ್ಕೊಡಲು ಎದ್ದ ಅವರ ಗಂಡ ಶೋತಾ ಬಾಗಿಲ ಬಳಿ ಕುಸಿದಿದ್ದ.

ಮೊದಲು ಬಸ್ಸಿನಿಂದ ಇಳಿದವಳು ಲಮಾರಾ. ಖಚಾಪುರಿಯನ್ನು ಚೀಸು ಆರುವ ಮೊದಲೇ ಸಾವಿನ ಮನೆಗೆ ಬಂದವರಿಗೆ ಹಂಚಿದಳು.

ಆಮೇಲೆ ಅದೊಂದು ಹಣೆಬರಹವಾಯಿತು. ತಾನೊಂದು ಬಗೆದರೆ ದೈವವೊಂದು ಬಗೆಯಿತು. ದಿನ ನಿಗದಿಯಾಗುವುದು, ಯಾರಾದರೂ ಸಾಯುವುದು, ವಠಾರ ಕಪ್ಪು ಉಡುವುದು, ಲಮಾರಾ ಪುಸ್ತಕವನ್ನು ಮಗುಚಿ ಸಾವಿನ ಊಟದ ಕಡೆಯಿಂದ ಬರೆಯತೊಡಗುವುದು. ಎಂಟು ಸಲ ಹಾಗಾಯಿತು. ಒಂದು ಸಲವೂ ಅವಳು ಮುಖ ಗಂಟು ಹಾಕಿದ್ದನ್ನು ಯಾರೂ ನೋಡಲಿಲ್ಲ. ಅಡುಗೆಮನೆಯ ಗೋಡೆಯ ಮೇಲಿನ ಭೂಪಟದಲ್ಲಿ ಬತುಮಿಯ ಜಾಗ ಬೆರಳು ಸವರಿ ಸವರಿ ಬೆಳ್ಳಗಾಗಿದ್ದನ್ನು ಮೆದೆಯಾ ಒಬ್ಬಳೇ ನೋಡಿದ್ದಳು.

*

ಮಣ್ಣು ಮಾಡಿ ಬಂದವರು ಅಂಗಳದ ನಲ್ಲಿಯಲ್ಲಿ ಕೈ ತೊಳೆದು ಉದ್ದನೆಯ ಮೇಜುಗಳಿಗೆ ಕೂತರು. ಎಲ್ಲವೂ ಪುಸ್ತಕದಂತೆಯೇ ನಡೆಯಿತು. ಅಕ್ಕಿ ಸಾಲಿತು, ಮೀನು ಸಾಲಿತು, ಮಾತು ಬಿಟ್ಟಿದ್ದ ಇಬ್ಬರು ದಾಯಾದಿಗಳು ಒಬ್ಬರಿಗೊಬ್ಬರು ಕಾಣದಷ್ಟು ದೂರ ಕೂತಿದ್ದರು. ಸತ್ತವಳು ತನ್ನ ಊಟವನ್ನು ತಾನೇ ಬಡಿಸುತ್ತಿದ್ದಾಳೆ ಎಂದು ಯಾರೋ ಅಂದರು. ಅದು ಸುಳ್ಳೇನಲ್ಲ.

ಹೆಂಗಸರ ಮೇಜಿನ ಕೊನೆಯಲ್ಲಿ ಮಾತ್ರ ಗುಸುಗುಸು ಶುರುವಾಗಿತ್ತು. ಲಮಾರಾಳ ಮಗಳು ಖಾತುನಾ, ಪೋತಿ ಊರಿನಿಂದ ಬಂದವಳು, ಅಮ್ಮನ ಆಸೆ ಅದೇ ಆಗಿದ್ದರೆ ನನ್ನದೇನೂ ಅಡ್ಡಿಯಿಲ್ಲ, ನಾಳೆ ಹೊರಡಿ ಎಂದು ಮೆಲ್ಲಗೆ ಅಂದಳು. ದೊಡೊ ಅಕ್ಕ ಚಮಚ ಕೆಳಗಿಟ್ಟರು.

"ನೀನು ಅಳೋ ದಿನ ಮಗಾ ಇದು, ಅಪ್ಪಣೆ ಕೊಡೋ ದಿನ ಅಲ್ಲ. ಇವತ್ತು ಮಣ್ಣು ಹಾಕಿ ನಾಳೆ ಬತುಮೀಲಿ ಐಸ್‌ಕ್ರೀಮ್ ತಿಂದ್ರು ಅಂತ ಊರು ಆಡ್ಕೊಳ್ಳಲ್ವಾ? ನಲವತ್ತು ದಿನ ಕಳೀಲಿ."

"ನಲವತ್ತು ದಿನ ಕಳೆಯೋದ್ರೊಳಗೆ ಇನ್ಯಾರೋ ಹೋಗಿರ್ತಾರೆ ಅಕ್ಕ," ಎಂದಳು ಮೆದೆಯಾ. "ನಾನೋ, ನೀವೋ."

"ನನ್ನ ಶೋತಾ ಸತ್ತ ದಿನ ಅವಳು ಬಸ್ಸಿಂದ ಇಳಿದ್ಲು. ನೀವೂ ಇದ್ರಿ, ನೋಡಿದ್ರಿ. ಅವಳು ಸತ್ತಾಗ ನಾನು ಬಸ್ ಹತ್ತಲಾ? ನಾಚಿಕೆಗೇಡು."

ಕೊಟ್ಟ ಮಾತನ್ನು ಬಿಡಲಾರದೆ ಮೆದೆಯಾ ಎದ್ದು ಗಂಡಸರ ಮೇಜಿಗೆ ಹೋಗಿ ವರ್ಲಾಮನ ಮುಂದೆ ಪುಸ್ತಕ ಇಟ್ಟಳು. ಅವತ್ತಿನ ತಮಾದಾ ಅವನೇ. ನಮ್ಮಲ್ಲಿ ಮೇಜಿಗೊಬ್ಬ ತಮಾದಾ ಇರುತ್ತಾನೆ, ಲೋಟ ಎತ್ತಿ ಅವನು ಏನು ಹೇಳುತ್ತಾನೋ ಅದಕ್ಕೇ ಎಲ್ಲರೂ ಕುಡಿಯಬೇಕು. ಕುಡಿದ ಮೇಲೆ ಒಪ್ಪಿದ ಹಾಗೆ. ಬಾದಶಹನಾದರೂ ಆ ಮಾತಿಗೆ ಬೆನ್ನು ತೋರಿಸುವಂತಿಲ್ಲ.

ಆರು ಲೋಟಗಳಾಗಿದ್ದವು. ದೇವರಿಗೆ, ಲಮಾರಾಳಿಗೆ, ಅವಳ ಹಿರಿಯರಿಗೆ, ಅವಳಿಗಿಂತ ಮೊದಲು ಆ ಮೆಟ್ಟಿಲು ಇಳಿದು ಹೋದವರಿಗೆಲ್ಲ. ಏಳನೆಯದು ಕೊನೆಯದು. ಪುಸ್ತಕದಲ್ಲಿ ಆ ಹಾಳೆಯನ್ನು ಮಡಚಿ ಅಂಚಿಗೆ ಕಪ್ಪು ದಾರದಲ್ಲಿ ಹೊಲಿಗೆ ಹಾಕಿತ್ತು. ಮೇಲೆ, 'ಏಳನೇ ಲೋಟ. ವರ್ಲಾಮ್ ಬಿಚ್ಚಲಿ. ಮೆದೆಯಾ ಓದಿದರೆ ಅಳುತ್ತಾಳೆ.'

ವರ್ಲಾಮ್ ಚಾಕುವಿನಿಂದ ದಾರ ಕತ್ತರಿಸಿ ಎದ್ದು ನಿಂತ. ಮೇಜುಗಳಲ್ಲಿ ಕೂತವರೆಲ್ಲ ಎದ್ದರು. ದೊಡೊ ಅಕ್ಕ ಮೊಣಕಾಲು ಹಿಡಿದುಕೊಂಡು ಕೊನೆಗೆ ಎದ್ದರು. ಅವನು ಒಮ್ಮೆ ತನ್ನೊಳಗೇ ಓದಿಕೊಂಡ, ಮೂಗು ಒರೆಸಿಕೊಂಡ, ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಊರು ಕೂಗುವ ದನಿಯಲ್ಲಿ ಓದಿದ.

"ನಲವತ್ತು ದಿನ ಜೀವ ಇಲ್ಲೇ ತಿರುಗುತ್ತಂತೆ, ಬದುಕಿದ್ದಾಗ ಓಡಾಡಿದ ಜಾಗಕ್ಕೆಲ್ಲ ಹೋಗುತ್ತಂತೆ. ನಾನು ಓಡಾಡಿದ್ದಾದ್ರೂ ಎಲ್ಲಿ? ಅಡುಗೆಮನೆ, ಮೆಟ್ಟಿಲು, ಮಾರ್ಕೆಟ್ಟು, ಸ್ಮಶಾನ. ನಲವತ್ತು ದಿನಾನೂ ಅಲ್ಲೇ ಗಿರಕಿ ಹೊಡೆಯೋಕೆ ನನ್ನ ಕೈಲಾಗಲ್ಲ. ಗೊತ್ತಿಲ್ಲದ ಊರಿಗೆ ಒಬ್ಬಳೇ ಹೋಗೋಕೆ ಹೆದರಿಕೆ. ನೀವು ಹೊರಡಿ, ನಿಮ್ಮ ಹಿಂದೆ ನಾನು ಬರ್ತೀನಿ. ಹನ್ನೊಂದು ದಿನ ಸಾಕು, ನಲವತ್ತನೇ ದಿನದ ಊಟಕ್ಕೆ ಎಲ್ಲರೂ ವಾಪಸ್ ಬಂದಿರ್ತೀವಿ. ದೊಡೊ ಅಕ್ಕ ಇಲ್ಲದೆ ಬಸ್ಸು ಹೊರಡಕೂಡದು. ಅವರ ಮನೆಯ ಸಾವಿಗೆ ನಾನು ಬಸ್ಸಿಂದ ಇಳಿದೆ. ನನ್ನ ಸಾವಿಗೆ ಅವರು ಬಸ್ಸು ಹತ್ತಲಿ. ಈ ಲೋಟ ನಮ್ಮ ದಾರಿಗೆ."

ವರ್ಲಾಮ್ ಸತ್ತವಳ ಪಾಲೆಂದು ಬ್ರೆಡ್ಡಿನ ಮೇಲೆ ನಾಲ್ಕು ಹನಿ ವೈನು ಸುರಿದು ಲೋಟ ಬರಿದು ಮಾಡಿದ. ಗಂಡಸರು ಕುಡಿದರು. ಖಾತುನಾ ಕುಡಿದಳು. ಮೆದೆಯಾ ಅಳುತ್ತಲೇ ಕುಡಿದಳು. ಎಲ್ಲರ ಕಣ್ಣೂ ದೊಡೊ ಅಕ್ಕನ ಕೈಯಲ್ಲಿದ್ದ ಲೋಟದ ಮೇಲೆ ನೆಟ್ಟವು. ಅವರು ಅದನ್ನು ಎಷ್ಟೋ ಹೊತ್ತು ಹಿಡಿದೇ ನಿಂತಿದ್ದರು, ತುಟಿ ಮಾತ್ರ ಅಲುಗುತ್ತಿತ್ತು.

ಕೊನೆಗೆ ತಳ ಕಾಣುವವರೆಗೂ ಕುಡಿದರು. ಲೋಟ ಬೋರಲು ಹಾಕಿ, ಯಾರ ಮುಖವನ್ನೂ ನೋಡದೆ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

*

ಬೆಳಿಗ್ಗೆ ಎಂಟಕ್ಕೆ ಬಸ್ಸು ಅಂಗಳದಲ್ಲಿ ನಿಂತಿತ್ತು. ಒಂಬತ್ತು ಹೆಂಗಸರು ಕಪ್ಪು ಬಟ್ಟೆಯಲ್ಲೇ ಹತ್ತಿ ಕೂತಿದ್ದರು. ಎಂಟೂಕಾಲಾಯಿತು, ಎಂಟೂವರೆಯಾಯಿತು. ಹತ್ತನೆಯವರ ಬಾಗಿಲು ತೆರೆಯಲಿಲ್ಲ. ಹೋಗಿ ಬಡಿಯೋಣವೇ ಎಂದು ವರ್ಲಾಮ್ ಕೇಳಿದ. ಬೇಡ ಎಂದಳು ಮೆದೆಯಾ. ಮಾತು ಕೊಟ್ಟವಳು ತಾನು, ಮಾತು ತಪ್ಪಿದರೂ ತಾನೇ, ಆ ಮುದುಕಿಯನ್ನು ಎಳೆದು ತರಲು ಅವಳಿಗೆ ಮನಸ್ಸು ಬರಲಿಲ್ಲ. ಅವಳು ಒಂದನೇ ಸೀಟಿನಲ್ಲಿ ಕೂತು ಮೊದಲನೇ ಮಹಡಿಯ ಕಿಟಕಿಯನ್ನೇ ನೋಡುತ್ತಿದ್ದಳು.

ಆ ಕಿಟಕಿಯಿಂದ ಸುಟ್ಟ ಚೀಸಿನ ವಾಸನೆ ಬರುತ್ತಿದೆ ಎಂದು ಮೊದಲು ಗೊತ್ತಾಗಿದ್ದು ವರ್ಲಾಮನಿಗೆ.

ದೊಡೊ ಅಕ್ಕ ಒಂದೊಂದೇ ಮೆಟ್ಟಿಲು ಇಳಿದು ಬಂದರು. ಮೊಣಕಾಲಿಗೆ ಉಣ್ಣೆಯ ಪಟ್ಟಿ, ತಲೆಗೆ ಕಪ್ಪು ಶಾಲು, ತೋಳಿನಲ್ಲಿ ಖಚಾಪುರಿಯ ಬುಟ್ಟಿ. ಬುಟ್ಟಿಯನ್ನು ವರ್ಲಾಮನ ಕೈಗೆ ತಳ್ಳಿ, ಅವನ ಭುಜ ಹಿಡಿದು ಬಸ್ಸು ಹತ್ತಿದರು. ಮೆದೆಯಾಳ ಮುಂದೆ ಬಂದು ನಿಂತರು.

"ಏಳೇ. ನಿನ್ನ ಸೀಟಾ ಇದು?"

ಮೆದೆಯಾ ಎದ್ದಳು. ದೊಡೊ ಅಕ್ಕ ಆ ಸೀಟಿನ ಧೂಳನ್ನು ಶಾಲಿನ ತುದಿಯಿಂದ ಒರೆಸಿದರು. ಜೇಬಿನಿಂದ ಒಂದು ನಿಂಬೆಹಣ್ಣು ತೆಗೆದು ಅದರ ಮೇಲಿಟ್ಟರು. ಆಮೇಲೆ ಬಗ್ಗಿ ಕಿಟಕಿಯ ಗಾಜನ್ನು ಕೊನೆಯವರೆಗೂ ಸರಿಸಿದರು.

"ಚಳಿಯಾಗುತ್ತೆ ಅಕ್ಕ," ಎಂದು ಹಿಂದಿನಿಂದ ಯಾರೋ ಅಂದರು.

"ಆಗ್ಲಿ. ಅವಳಿಗೆ ಹೊಟ್ಟೆ ತೊಳಸುತ್ತೆ."

ವರ್ಲಾಮ್ ಕೀಲಿ ತಿರುಗಿಸಿದ. ಮೇಲಿನ ಮಹಡಿಗಳಿಂದ ಗಂಡಸರು ಕೈ ಬೀಸಿದರು, ಖಾತುನಾ ದಾರಿ ಸುಗಮವಾಗಲೆಂದು ಬಸ್ಸಿನ ಹಿಂದೆ ಒಂದು ಚೊಂಬು ನೀರು ಚೆಲ್ಲಿದಳು. ರಿಯೋನಿ ನದಿಯ ಸೇತುವೆಯ ಬಳಿ ಬಸ್ಸು ಜುಗ್ದಿದಿಯ ರಸ್ತೆಗೆ ತಿರುಗಿದಾಗ ಬುಟ್ಟಿಗಳು ವಾಲಿದವು, ಹೆಂಗಸರು ಒಬ್ಬರ ಮೇಲೊಬ್ಬರು ಒರಗಿದರು. ಒಂದನೇ ಸೀಟಿನ ನಿಂಬೆಹಣ್ಣು ಮೆಲ್ಲಗೆ ಉರುಳಿ, ತೆರೆದ ಕಿಟಕಿಯ ಪಕ್ಕಕ್ಕೆ ಹೋಗಿ ನಿಂತಿತು.